ಚುಕ್ಕಿ ಅಳಿಸುವ ಮೊದಲು: ಕಾರ್ಖಾನೆಗೆ ಇಆರ್‌ಪಿ ತರುವವರಿಗೆ

2008ರಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹಳೆಯ ಫಾಕ್ಸ್‌ಪ್ರೊ ಪ್ರೋಗ್ರಾಂ ತೆಗೆದು ಇಆರ್‌ಪಿ, ಅಂದರೆ ಖರೀದಿ, ದಾಸ್ತಾನು, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ತಂತ್ರಾಂಶ, ಕೂರಿಸುವ ತಂಡದಲ್ಲಿ ನಾನಿದ್ದೆ. ಐಟಂ ಪಟ್ಟಿಯನ್ನು ಶುಚಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸುಮಾರು ಹನ್ನೊಂದು ಸಾವಿರ ಐಟಂಗಳು. ಅವುಗಳಲ್ಲಿ ಒಂದಷ್ಟು ಎರಡೆರಡು ಸಲ ಇದ್ದವು. ಅದೇ ನಂಬರು, ಅದೇ ವಿವರಣೆ, ಅದೇ ಅಳತೆ. ಒಂದರ ಕೊನೆಯಲ್ಲಿ ಮಾತ್ರ ಒಂದು ಚುಕ್ಕಿ. ಟೈಪ್ ಮಾಡುವಾಗ ಕೈತಪ್ಪಿ ಬಿದ್ದದ್ದು ಎಂದುಕೊಂಡೆ. ಎರಡನ್ನೂ ಕೂಡಿಸಿ ಒಂದು ಮಾಡಿದೆ, ದಾಸ್ತಾನನ್ನೂ ಒಟ್ಟುಗೂಡಿಸಿದೆ.

ಹೊಸ ವ್ಯವಸ್ಥೆ ಶುರುವಾಗಿ ಮೂರನೆಯ ತಿಂಗಳಿಗೆ ಆಡಿಟರ್ ಬಂದರು. ದಾಸ್ತಾನಿನ ಬೆಲೆ ಏಕೆ ಇಷ್ಟು ಏರಿದೆ ಎಂದು ಕೇಳಿದರು. ಎರಡು ದಿನ ವರದಿಗಳನ್ನು ತಿರುವಿ ಹಾಕಿದರೂ ಕಾರಣ ಸಿಗಲಿಲ್ಲ. ಕೊನೆಗೆ ಪ್ರಿಂಟ್ ಹಿಡಿದುಕೊಂಡು ಸ್ಟೋರ್ಸಿಗೆ ಹೋದೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಪಟ್ಟಿ ನೋಡಿ, ಎರಡು ಬಿನ್ ಕಾರ್ಡ್ (ಒಂದೊಂದು ಐಟಂ ಬಂದುಹೋದ ಲೆಕ್ಕ ಬರೆಯುವ ಕಾರ್ಡ್) ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. "ಚುಕ್ಕಿ ಇರುವುದು ನಮ್ಮ ಮಾಲಲ್ಲ ಮೇಡಂ, ಪಾರ್ಟಿ ಮಾಲು" ಎಂದರು.

ಕೆಲವು ಗಿರಾಕಿಗಳು ತಾವೇ ಉಕ್ಕಿನ ಸರಳು ಕಳಿಸಿ ನಮ್ಮಲ್ಲಿ ಯಂತ್ರದ ಕೆಲಸ ಮಾತ್ರ ಮಾಡಿಸಿಕೊಳ್ಳುತ್ತಿದ್ದರು. ಆ ಸರಳು ನಮ್ಮ ಷೆಡ್ಡಿನಲ್ಲಿದ್ದರೂ ನಮ್ಮ ಆಸ್ತಿಯಲ್ಲ. ಎಣಿಕೆಯಲ್ಲಿ ಅದು ಇರಬೇಕು, ಬೆಲೆಯಲ್ಲಿ ಇರಬಾರದು. ಫಾಕ್ಸ್‌ಪ್ರೊದಲ್ಲಿ ಅದಕ್ಕೊಂದು ಜಾಗವಿರಲಿಲ್ಲವಾದ್ದರಿಂದ ಯಾರೋ ಬಹಳ ಹಿಂದೆ ನಂಬರಿನ ಕೊನೆಗೆ ಚುಕ್ಕಿ ಹಚ್ಚಿ ದಾರಿ ಮಾಡಿಕೊಂಡಿದ್ದರು. ಆಮೇಲೆ ಹಳೆಯ ಪ್ರೋಗ್ರಾಮನ್ನು ತೆರೆದು ನೋಡಿದೆ. ದಾಸ್ತಾನಿಗೆ ಬೆಲೆ ಕಟ್ಟುವ ಕಡೆ ಒಂದೇ ಒಂದು ಸಾಲು: ಕೊನೆಯ ಅಕ್ಷರ ಚುಕ್ಕಿಯಾಗಿದ್ದರೆ ಬಿಟ್ಟು ಮುಂದೆ ಹೋಗು. ಪಕ್ಕದಲ್ಲಿ ವಿವರಣೆಯಿಲ್ಲ. ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಆ ಚುಕ್ಕಿಯಿಂದ ಕಲಿತದ್ದನ್ನೇ ಆಮೇಲೆ ಕೆಲಸ ಮಾಡಿದ ಪ್ರತಿ ಕಾರ್ಖಾನೆಗೂ ಒಯ್ದಿದ್ದೇನೆ. ಹಳೆಯ ವ್ಯವಸ್ಥೆಯಲ್ಲಿ ವಿಚಿತ್ರವಾಗಿ ಕಾಣುವ ಪ್ರತಿಯೊಂದರ ಹಿಂದೆಯೂ ಯಾರೋ ಒಬ್ಬರು ಬಿಡಿಸಿದ ಒಂದು ಕಗ್ಗಂಟು ಇರುತ್ತದೆ. ಅದು ಏನೆಂದು ತಿಳಿಯುವವರೆಗೆ ಅದನ್ನು ಮುಟ್ಟಬಾರದು. ನೀವು ಮಾಲೀಕರಾಗಿರಿ, ಅಕೌಂಟ್ಸ್‌ನವರಾಗಿರಿ, ತಂತ್ರಾಂಶ ಬರೆಯುವ ಕಡೆಯವರಾಗಿರಿ, ಮುಂದಿನ ಮಾತುಗಳು ನಿಮಗೆ.

ಮೊದಲ ವಾರ ಸ್ಟೋರ್ಸಿನಲ್ಲಿ ಕಳೆಯಿರಿ

ಬೆಳಿಗ್ಗೆ ಗೇಟಿನ ಬಳಿ ನಿಲ್ಲಿ. ಒಳಗೆ ಬರುವ ಒಂದು ಲಾರಿಯನ್ನು ಆರಿಸಿಕೊಂಡು ಅದರ ಕಾಗದ ಹೋದಲ್ಲೆಲ್ಲ ನೀವೂ ಹೋಗಿ. ಗೇಟಿನ ರಿಜಿಸ್ಟರ್, ತೂಕದ ಚೀಟಿ, ಪಾರ್ಟಿಯ ಚಲನ್, ಮಾಲು ಪಡೆದದ್ದಕ್ಕೆ ಬರೆಯುವ ಜಿಆರ್‌ಎನ್ ಚೀಟಿ, ಕ್ವಾಲಿಟಿಯವರ ಸಹಿ, ಬಿನ್ ಕಾರ್ಡ್, ಕೊನೆಗೆ ಅಕೌಂಟ್ಸ್‌ನಲ್ಲಿ ಬಿಲ್ ಪಾಸ್ ಆಗುವ ಮೇಜು. ಪ್ರತಿ ಮೇಜಿನಲ್ಲೂ ಮೂರು ಪ್ರಶ್ನೆ ಕೇಳಿ. ಈ ಕಾಗದದ ಮೇಲೆ ಪೆನ್ನಿನಲ್ಲಿ ಏನು ಬರೆಯುತ್ತೀರಿ? ಕಂಪ್ಯೂಟರಿಗೆ ಹಾಕಲಾಗದ್ದನ್ನು ಎಲ್ಲಿ ಬರೆದಿಡುತ್ತೀರಿ? ನೀವು ರಜೆ ಹಾಕಿದ ದಿನ ಏನು ಎಡವಟ್ಟಾಗುತ್ತದೆ?

ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳಷ್ಟು ಬೆಲೆಬಾಳುವ ಮಾಹಿತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಒಂದು ಕಡೆ ಡೆಸ್ಪ್ಯಾಚ್ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ತನ್ನ ಡ್ರಾಯರಿನಿಂದ ನೂರು ಪುಟದ ನೋಟ್‌ಬುಕ್ ತೆಗೆದಳು. ಒಂದೊಂದು ಗಿರಾಕಿಗೆ ಒಂದೊಂದು ಪುಟ. ಒಬ್ಬರು ಮಧ್ಯಾಹ್ನ ಮೂರರ ಮೇಲೆ ಮಾಲು ಇಳಿಸಿಕೊಳ್ಳುವುದಿಲ್ಲ. ಇನ್ನೊಬ್ಬರಿಗೆ ಒಂದು ಪೆಟ್ಟಿಗೆಯಲ್ಲಿ ಒಂದೇ ಹೀಟ್ ನಂಬರಿನ ಬಿಡಿಭಾಗಗಳಿರಬೇಕು, ಎರಡು ಬೇರೆ ಬೇರೆ ಎರಕದ ಉಕ್ಕು ಬೆರೆತರೆ ಇಡೀ ಲಾಟ್ ಹಿಂದಕ್ಕೆ. ಈ ಯಾವುದೂ ತಂತ್ರಾಂಶದ ಬೇಡಿಕೆ ಪಟ್ಟಿಯಲ್ಲಿ ಇರಲಿಲ್ಲ. ಆ ಪಟ್ಟಿಗೆ ಸಹಿ ಮಾಡಿದವರಲ್ಲಿ ಒಬ್ಬರೂ ಆ ನೋಟ್‌ಬುಕ್ ನೋಡಿರಲಿಲ್ಲ.

ಮ್ಯಾನೇಜರು ಹೇಳುವುದು ಕೆಲಸ ನಡೆಯಬೇಕಾದ ಬಗೆ. ಮೇಜಿನಲ್ಲಿ ಕುಳಿತವರು ಹೇಳುವುದು ನಡೆಯುತ್ತಿರುವ ಬಗೆ. ಎರಡನ್ನೂ ಬರೆದುಕೊಳ್ಳಿ, ಎರಡಕ್ಕೂ ನಡುವೆ ಇರುವ ವ್ಯತ್ಯಾಸಕ್ಕೆ ಪ್ರತ್ಯೇಕ ಪಟ್ಟಿ ಮಾಡಿ. ಹಾಗೆಯೇ ಪ್ರತಿಯೊಬ್ಬರ ಸ್ವಂತ ಎಕ್ಸೆಲ್ ಹಾಳೆಗಳನ್ನು ಕೇಳಿ ಪಡೆಯಿರಿ. ಹಳೆಯ ವ್ಯವಸ್ಥೆ ಎಲ್ಲೆಲ್ಲಿ ಸಾಲದೆ ಹೋಗಿದೆ ಎಂಬುದು ಆ ಹಾಳೆಗಳಲ್ಲೇ ಇದೆ. ಕೇಳುವಾಗ ತಪ್ಪು ಹಿಡಿಯಲು ಬಂದವರಂತೆ ಕೇಳಬೇಡಿ. "ಇದು ಹೊಸದರಲ್ಲೂ ಬೇಕಲ್ಲವೇ, ತೋರಿಸಿ" ಎಂದರೆ ಸಂತೋಷದಿಂದ ತೋರಿಸುತ್ತಾರೆ.

ತಂತ್ರಾಂಶದ ಹುಟ್ಟೂರು ತಿಳಿದಿರಲಿ

ಇಆರ್‌ಪಿ ಹೀಗೇಕೆ ಹಠ ಮಾಡುತ್ತದೆ ಎಂದು ಬಳಸುವವರು ಕೇಳಿದಾಗ ಅದರ ಇತಿಹಾಸ ಗೊತ್ತಿದ್ದರೆ ಉತ್ತರ ಸುಲಭ. ಇದರ ಬೇರು 1960ರ ದಶಕದ ಅಮೆರಿಕದ ಕಾರ್ಖಾನೆಗಳಲ್ಲಿದೆ. ಒಂದು ಸಿದ್ಧವಸ್ತುವಿಗೆ ಎಷ್ಟು ಬಿಡಿಭಾಗ ಬೇಕು, ಯಾವಾಗ ಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಿಕೊಂಡು ಬರುವ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್) ವಿಧಾನವನ್ನು ಐಬಿಎಂನ ಜೋಸೆಫ್ ಓರ್ಲಿಕಿ ರೂಪಿಸಿದರು. ಮೊದಲು ಅಳವಡಿಸಿಕೊಂಡದ್ದು 1964ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್. ಆಗ ಲೆಕ್ಕವೆಲ್ಲ ರಾತ್ರಿ ಪಾಳಿಯಲ್ಲಿ ಪಂಚ್ ಕಾರ್ಡುಗಳ ಕಂತೆ ಓಡಿಸಿ ಮಾಡುವಂಥದ್ದು. ಇಂದು ಬಂದ ಮಾಲು ನಾಳೆ ಬೆಳಿಗ್ಗೆಯ ಲೆಕ್ಕಕ್ಕೆ ಸೇರುತ್ತಿತ್ತು.

1972ರಲ್ಲಿ ಐಬಿಎಂ ಬಿಟ್ಟು ಹೊರಬಂದ ಐವರು ಜರ್ಮನಿಯಲ್ಲಿ ಎಸ್‌ಎಪಿ ಎಂಬ ತಂತ್ರಾಂಶ ಕಂಪನಿ ಕಟ್ಟಿದರು. ಮೊದಲ ಗಿರಾಕಿ ಓಸ್ಟ್ರಿಂಗೆನ್‌ನ ಒಂದು ನೈಲಾನ್ ಕಾರ್ಖಾನೆ, ಬ್ರಿಟನ್ನಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್‌ಗೆ ಸೇರಿದ್ದು. ಸ್ವಂತ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಗಿರಾಕಿಯ ಕಂಪ್ಯೂಟರಿನಲ್ಲಿಯೇ, ರಾತ್ರಿ ಹೊತ್ತು, ವಾರದ ಕೊನೆಯಲ್ಲಿ ಬರೆಯುತ್ತಿದ್ದರು. ಅವರ ದೊಡ್ಡ ಆಲೋಚನೆ ಎಂದರೆ ಮಾಲು ಬಂದ ಕ್ಷಣವೇ ದಾಸ್ತಾನೂ ಲೆಕ್ಕವೂ ಒಟ್ಟಿಗೆ ಬದಲಾಗಬೇಕು ಎನ್ನುವುದು. ಅವರ ತಂತ್ರಾಂಶದ ಆರ್/2, ಆರ್/3 ಎಂಬ ಹೆಸರುಗಳಲ್ಲಿನ ಆರ್ ಅಕ್ಷರ ಬಂದದ್ದು ಆ 'ರಿಯಲ್ ಟೈಮ್' ಎಂಬ ಮಾತಿನಿಂದ. ದೊಡ್ಡ ಮೇನ್‌ಫ್ರೇಮ್ ಯಂತ್ರಗಳ ಮೇಲೆ ಓಡುತ್ತಿದ್ದ ಆರ್/2 ಬಂದದ್ದು 1979ರಲ್ಲಿ, ಸರ್ವರ್ ಒಂದು ಕಡೆ, ಬಳಸುವವರ ಕಂಪ್ಯೂಟರ್ ಇನ್ನೊಂದು ಕಡೆ ಇರುವ ಆರ್/3 ಬಂದದ್ದು 1992ರಲ್ಲಿ, ಎಸ್/4 ಹಾನಾ 2015ರಲ್ಲಿ. ಮೇಲಿನ ತೆರೆ ಎಷ್ಟು ಸಲ ಬದಲಾದರೂ ಒಳಗೆ ಹಳೆಯ ಜರ್ಮನ್ ಉಳಿದಿದೆ. ಕಂಪನಿ ಕೋಡಿನ ಅಂಕಣಕ್ಕೆ ಇಂದಿಗೂ ಬಿಯುಕೆಆರ್‌ಎಸ್ ಎಂದೇ ಹೆಸರು, 'ಬುಖುಂಗ್ಸ್‌ಕ್ರೈಸ್' ಎಂಬ ಜರ್ಮನ್ ಪದದ ತುಂಡು ಅದು. ವೈಟ್‌ಫೀಲ್ಡಿನಲ್ಲಿ ಕುಳಿತ ನಮ್ಮ ಹುಡುಗ ಹುಡುಗಿಯರು ಅರ್ಥ ಗೊತ್ತಿರಲಿ ಬಿಡಲಿ, ದಿನವಿಡೀ ಆ ಪದಗಳನ್ನೇ ಟೈಪ್ ಮಾಡುತ್ತಾರೆ.

ಐವತ್ತು ವರ್ಷ ಹಳೆಯ ಹೆಸರನ್ನು ಏಕೆ ಬದಲಿಸಲಿಲ್ಲ? ಸಾವಿರಾರು ಕಂಪನಿಗಳು ಆ ಹೆಸರನ್ನು ನಂಬಿ ತಮ್ಮದೇ ಪ್ರೋಗ್ರಾಂಗಳನ್ನು ಬರೆದುಕೊಂಡಿವೆ. ಒಂದನ್ನು ಬದಲಿಸಿದರೆ ಎಲ್ಲಿ ಏನು ಕುಸಿಯುತ್ತದೋ ಯಾರಿಗೂ ಗೊತ್ತಿಲ್ಲ. ಸ್ಟೋರ್ಸಿನ ನಮ್ಮ ಚುಕ್ಕಿಯ ಕಥೆಯೂ ಇದೇ, ಗಾತ್ರ ಮಾತ್ರ ಬೇರೆ.

ಬಳಸುವವರಿಗೆ ಮೊದಲು ವಿವರಿಸಬೇಕಾದದ್ದು ಇನ್ನೊಂದಿದೆ. ಫಾಕ್ಸ್‌ಪ್ರೊದಲ್ಲಿ ಬ್ರೌಸ್ ಎಂದು ಟೈಪ್ ಮಾಡಿದರೆ ಕೋಷ್ಟಕ ಕಣ್ಣ ಮುಂದೆ ತೆರೆಯುತ್ತಿತ್ತು. ಅಂಕಿ ತಿದ್ದಿ ಮುಚ್ಚಿದರೆ ತಿದ್ದಿದವರು ಯಾರೆಂಬ ಗುರುತೇ ಇಲ್ಲ. ಇಆರ್‌ಪಿಯಲ್ಲಿ ಒಮ್ಮೆ ದಾಖಲಾದದ್ದನ್ನು ಅಳಿಸಲಾಗದು, ಎದುರು ನಮೂದು ಹಾಕಿಯೇ ಸರಿಪಡಿಸಬೇಕು. ಹಳೆಯ ಕಾಲದ ಗುಮಾಸ್ತರ ಖಾತೆ ಪುಸ್ತಕದ ನಿಯಮವೂ ಅದೇ ಆಗಿತ್ತು: ಹಾಳೆ ಹರಿಯಬಾರದು, ಅಂಕಿ ಕೆರೆಯಬಾರದು. ಹೀಗೆ ಹೇಳಿದರೆ ಅಕೌಂಟ್ಸ್‌ನ ಹಿರಿಯರು ಥಟ್ಟನೆ ಒಪ್ಪುತ್ತಾರೆ. ಕಂಪ್ಯೂಟರ್ ಹಠ ಮಾಡುತ್ತಿದೆ ಎಂಬ ದೂರು ಅಲ್ಲಿಗೇ ನಿಲ್ಲುತ್ತದೆ.

ಏನನ್ನು ಬಗ್ಗಿಸಬೇಕು, ಏನನ್ನು ಬಿಡಬೇಕು

ತಂತ್ರಾಂಶ ಒಂದು ರೀತಿ ಹೇಳುತ್ತದೆ, ಕಾರ್ಖಾನೆ ಇನ್ನೊಂದು ರೀತಿ ನಡೆಯುತ್ತದೆ. ಆಗ ಯಾರು ಬಗ್ಗಬೇಕು? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಲಿಡ್ಲ್ ಅಂಗಡಿಗಳ ಉದಾಹರಣೆ ಸಾಕು. 2011ರಲ್ಲಿ ಶುರುವಾದ ಅವರ ಎಸ್‌ಎಪಿ ಯೋಜನೆಯನ್ನು ಸುಮಾರು 50 ಕೋಟಿ ಯೂರೊ ಸುರಿದ ಮೇಲೆ 2018ರಲ್ಲಿ ಕೈಬಿಟ್ಟರು. ಆಗ ಹೆಚ್ಚು ಚರ್ಚೆಯಾದ ಕಾರಣ ಒಂದು ಸಣ್ಣ ಸಂಗತಿ: ಲಿಡ್ಲ್ ತನ್ನ ದಾಸ್ತಾನಿಗೆ ಕೊಂಡ ಬೆಲೆಯನ್ನು ಲೆಕ್ಕ ಹಾಕುತ್ತಿತ್ತು, ತಂತ್ರಾಂಶ ಮಾರುವ ಬೆಲೆಯನ್ನು ಆಧಾರವಾಗಿಟ್ಟುಕೊಂಡಿತ್ತು. ತನ್ನ ಪದ್ಧತಿ ಬಿಡಲು ಕಂಪನಿ ಒಪ್ಪಲಿಲ್ಲ, ತಂತ್ರಾಂಶವನ್ನೇ ಬಗ್ಗಿಸುತ್ತ ಹೋದರು, ಬಗ್ಗಿಸಿದಷ್ಟೂ ತೊಡಕು ಬೆಳೆಯಿತು.

ನನ್ನ ಒರೆಗಲ್ಲು ಇದು. ಆ ಪದ್ಧತಿಯನ್ನು ಬಿಟ್ಟರೆ ಗಿರಾಕಿ ಕೈತಪ್ಪುತ್ತಾನೆಯೇ, ಕಾನೂನು ಮುರಿಯುತ್ತದೆಯೇ, ಅಥವಾ ದುಡ್ಡು ಸೋರುತ್ತದೆಯೇ? ಮೂರರಲ್ಲಿ ಒಂದಕ್ಕಾದರೂ ಹೌದು ಎಂದರೆ ತಂತ್ರಾಂಶ ಬಗ್ಗಲಿ. ಮೂರಕ್ಕೂ ಇಲ್ಲ ಎಂದರೆ ನಾವು ಬಗ್ಗೋಣ. ಮಾಲು ಬೇಕೆಂದು ಕೇಳುವ ಇಂಡೆಂಟ್ ಚೀಟಿಗೆ ಮೂರು ಸಹಿ ಬೇಕೆಂಬ ಹಟ ಬಹುತೇಕ ಕಡೆ ಎರಡನೆಯ ಗುಂಪಿನದು. ಅದನ್ನು ಪ್ರೋಗ್ರಾಂ ಬರೆಸಿ ಕಾಪಾಡಿಕೊಳ್ಳಲು ಹಣ ಕೇಳಿದವರಿಗೆ ನಾನು ಯಾವಾಗಲೂ ಬೇಡ ಎಂದೇ ಹೇಳಿದ್ದೇನೆ.

ಜಾಬ್‌ವರ್ಕ್, ಅಂದರೆ ನಮ್ಮ ಮಾಲನ್ನು ಹೊರಗೆ ಕಳಿಸಿ ಕೆಲಸ ಮಾಡಿಸುವುದು, ಹಾಗಲ್ಲ. ಪೀಣ್ಯದಲ್ಲಿ ಒಂದು ಬೋಲ್ಟ್ ಸಿದ್ಧವಾಗುವುದರೊಳಗೆ ನಾಲ್ಕು ಷೆಡ್ ಸುತ್ತಿ ಬಂದಿರುತ್ತದೆ. ಒಂದು ಕಡೆ ಹೀಟ್ ಟ್ರೀಟ್‌ಮೆಂಟ್, ಇನ್ನೊಂದು ಕಡೆ ಗ್ರೈಂಡಿಂಗ್, ಮತ್ತೊಂದು ಕಡೆ ಸತುವಿನ ಲೇಪ. ಲೇಪಕ್ಕೆ ಹೋಗುವಾಗ ಕಿಲೋ ಲೆಕ್ಕ, ಬರುವಾಗ ನಗದ ಲೆಕ್ಕ. ಸತು ಹತ್ತಿ ತೂಕವೂ ತುಸು ಏರಿರುತ್ತದೆ. ಎಲ್ಲವೂ ಒಂದೇ ಸೂರಿನಡಿ ನಡೆಯುತ್ತದೆ ಎಂದೆಣಿಸಿ ರೂಪಿಸಿದ ತಂತ್ರಾಂಶಕ್ಕೆ ಈ ಸುತ್ತಾಟ ಅರ್ಥವಾಗುವುದಿಲ್ಲ. ಜೊತೆಗೆ ಕಾನೂನಿನ ಗಡುವು ಬೇರೆ. ಜಿಎಸ್‌ಟಿಗೆ ಮೊದಲಿನ ಅಬಕಾರಿ ಸುಂಕದ ಸೆನ್‌ವ್ಯಾಟ್ ಕಾಲದಲ್ಲಿ ಹೊರಗೆ ಕಳಿಸಿದ ಮಾಲು 180 ದಿನದೊಳಗೆ ಮರಳಬೇಕಿತ್ತು. ಜಿಎಸ್‌ಟಿಯಲ್ಲಿ ಕಚ್ಚಾ ಮಾಲಿಗೆ ಒಂದು ವರ್ಷ. ಮರಳದಿದ್ದರೆ ಕಳಿಸಿದ ದಿನವೇ ಮಾರಿದಂತೆ ಎಣಿಸಿ ತೆರಿಗೆ, ಬಡ್ಡಿ ಕಟ್ಟಬೇಕು. ಹೀಗೆ ಮಾಲು ಕಳಿಸುವ ಚಲನ್‌ಗೆ ಹಳಬರು ಇಂದಿಗೂ ಹಳೆಯ ಅಬಕಾರಿ ನಿಯಮದ ಹೆಸರಿನಿಂದ 57ಎಫ್4 ಎನ್ನುತ್ತಾರೆ, ಆ ನಿಯಮವೇ ಹೋಗಿ ಎರಡು ದಶಕ ದಾಟಿದೆ. ನೀವೂ ಅದೇ ಹೆಸರಿನಲ್ಲಿ ಕೇಳಿ, ಬೇಕಾದ ಕಡತ ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ.

ಇಲ್ಲಿ ಮಾಡಬೇಕಾದದ್ದು: ಪ್ರತಿ ಜಾಬ್‌ವರ್ಕ್ ಷೆಡ್ಡನ್ನೂ ನಿಮ್ಮದೇ ದಾಸ್ತಾನಿನ ಒಂದು ಜಾಗ ಎಂದು ತಂತ್ರಾಂಶದಲ್ಲಿ ತೆರೆಯಿರಿ, ಕಳಿಸಿದ ದಿನಾಂಕವನ್ನು ಚಲನ್ ಸಾಲು ಸಾಲಿಗೂ ಇಡಿ, ಗಡುವಿಗೆ ಅರವತ್ತು ದಿನ ಇರುವಾಗ ಎಚ್ಚರಿಸುವ ವರದಿ ಮಾಡಿಸಿ. ಕಿಲೋವಿಗೆ ಎಷ್ಟು ನಗ ಎಂಬುದನ್ನು ಐಟಂ ಐಟಂಗೂ ತೂಗಿಯೇ ಬರೆಯಿರಿ. ಡ್ರಾಯಿಂಗಿನಲ್ಲಿರುವ ತೂಕ ನಂಬಬೇಡಿ, ಅದು ಸಿದ್ಧವಾದ ಬಿಡಿಭಾಗದ ತೂಕ. ಲೇಪಕ್ಕೆ ಹೋಗುವ ಹಂತದಲ್ಲಿ ಅದು ಬೇರೆ ಇರುತ್ತದೆ.

ಕೋಡು ಕೊಡುವ ಕೆಲಸ ಒಬ್ಬರ ಕೈಯಲ್ಲಿರಲಿ

ಮಾಸ್ಟರ್ ಡೇಟಾ, ಅಂದರೆ ಐಟಂ, ಗಿರಾಕಿಗಳಂಥ ಮೂಲ ಪಟ್ಟಿಗಳನ್ನು ಸಿದ್ಧಮಾಡುವುದು, ಬೇಸರದ ಕೆಲಸ ಎಂದು ಹೊಸಬರ ಕೈಗೆ ಕೊಡುವ ರೂಢಿ ಇದೆ. ನನಗೆ ಕೊಟ್ಟದ್ದೂ ಹಾಗೆಯೇ. ಇದನ್ನು ಕಾರ್ಖಾನೆಯಲ್ಲಿ ಅತಿ ಹೆಚ್ಚು ತಿಳಿದವರ ಕೈಗೆ ಕೊಡಬೇಕು.

ಒಂದು ಪಟ್ಟಿಯಲ್ಲಿ ನಾನು ಕಂಡದ್ದು: 'ಬೇರಿಂಗ್ 6205', '6205 ಬೇರಿಂಗ್', 'ಬಾಲ್ ಬೇರಿಂಗ್ 6205 ಝಡ್‌ಝಡ್', 'ಬೇರಿಂಗ್ 6205 2ಆರ್‌ಎಸ್'. ಮೊದಲಿನ ಮೂರೂ ಒಂದೇ ಬೇರಿಂಗ್ ಎಂದು ಬಿನ್ ತೆರೆದು ನೋಡಿದಾಗ ಗೊತ್ತಾಯಿತು. ನಾಲ್ಕನೆಯದು ಬೇರೆ. ಝಡ್‌ಝಡ್ ಎಂದರೆ ಎರಡೂ ಬದಿಗೆ ಲೋಹದ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರಿನ ಸೀಲ್. ನೀರು, ಕೂಲಂಟ್ ಚಿಮ್ಮುವ ಕಡೆ ತಗಡಿನದನ್ನು ಹಾಕಿದರೆ ಬೇರಿಂಗ್ ಬೇಗ ಸಾಯುತ್ತದೆ. ಹೆಸರಿನ ಹೋಲಿಕೆ ನೋಡಿ ಕೂಡಿಸುವ ಯಾವ ಪ್ರೋಗ್ರಾಮಿಗೂ ಈ ವ್ಯತ್ಯಾಸ ಕಾಣುವುದಿಲ್ಲ. ಮೆಂಟೆನೆನ್ಸ್ ಫಿಟ್ಟರಿಗೆ ಕಾಣುತ್ತದೆ. ಆದ್ದರಿಂದ ಎರಡು ಐಟಂಗಳನ್ನು ಕೂಡಿಸುವ ಮೊದಲು ಎರಡನ್ನೂ ಬಿನ್‌ನಿಂದ ತೆಗೆದು, ಅದನ್ನು ಬಳಸುವವರ ಮುಂದೆ ಮೇಜಿನ ಮೇಲಿಡಿ. ಹನ್ನೊಂದು ಸಾವಿರಕ್ಕೆ ಹೀಗೆ ಮಾಡಲಾಗದು, ನಿಜ. ಕೂಡಿಸಬೇಕು ಎನಿಸಿದ ಕೆಲವು ನೂರಕ್ಕೆ ಖಂಡಿತ ಮಾಡಬಹುದು.

ನಂಬರಿನಲ್ಲಿ ಅರ್ಥ ತುಂಬಬೇಡಿ. ಮೊದಲ ಎರಡಕ್ಷರ ಗಿರಾಕಿ, ಮುಂದಿನ ಮೂರು ಲೋಹ, ಅದರ ಮುಂದೆ ವ್ಯಾಸ ಎಂದು ಹೆಣೆದ ನಂಬರುಗಳು ಕಾಗದದ ಕಾಲಕ್ಕೆ ಚೆನ್ನಾಗಿದ್ದವು. ಗಿರಾಕಿಯ ಕಂಪನಿ ಇನ್ನೊಂದರ ಜೊತೆ ಸೇರಿಹೋದ ದಿನ, ಅಥವಾ ಲೋಹ ಬದಲಾದ ದಿನ, ಆ ನಂಬರು ಸುಳ್ಳು ಹೇಳಲು ಶುರುಮಾಡುತ್ತದೆ. ಬರೀ ಕ್ರಮಸಂಖ್ಯೆ ಕೊಡಿ, ಅರ್ಥವೆಲ್ಲ ಬೇರೆ ಬೇರೆ ಅಂಕಣಗಳಲ್ಲಿರಲಿ. ಆದರೆ ಯಂತ್ರಗಳ ಬಳಿ ಕೆಲಸ ಮಾಡುವ ಎಲ್ಲರಿಗೂ ಬಾಯಿಪಾಠವಾಗಿರುವುದು ಡ್ರಾಯಿಂಗ್ ನಂಬರು. ಅದನ್ನು ಹುಡುಕಿದರೆ ಐಟಂ ಸಿಗುವಂತೆ ಮಾಡಿಯೇ ಮಾಡಿ. ಇದನ್ನು ಮರೆತ ಕಡೆ ಜನ ತಿಂಗಳೊಪ್ಪತ್ತಿನಲ್ಲಿ ಹಳೆಯ ರಿಜಿಸ್ಟರಿಗೆ ವಾಪಸಾದದ್ದನ್ನು ನೋಡಿದ್ದೇನೆ.

ಫಾಕ್ಸ್‌ಪ್ರೊದಿಂದ ದತ್ತಾಂಶ ತರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಅಳಿಸಿದ ದಾಖಲೆ ನಿಜವಾಗಿ ಹೋಗಿರುವುದಿಲ್ಲ. ಅಳಿಸಿದ್ದು ಎಂಬ ಗುರುತು ಹೊತ್ತು ಅಲ್ಲೇ ಕುಳಿತಿರುತ್ತದೆ, ಪ್ಯಾಕ್ ಎಂಬ ಆಜ್ಞೆ ಕೊಟ್ಟ ಮೇಲೆಯೇ ಹೋಗುತ್ತದೆ. ಕಡತವನ್ನು ಬೇರೆ ಸಲಕರಣೆಯಿಂದ ಓದಿದರೆ ಸತ್ತ ದಾಖಲೆಗಳೂ ಎದ್ದು ಬರಬಹುದು. ಸಾಲುಗಳನ್ನು ಎರಡೂ ಕಡೆ ಎಣಿಸಿ ತಾಳೆ ನೋಡಿ. ಹಾಗೆಂದು ಮೂಲ ಕಡತದ ಮೇಲೆಯೇ ಪ್ಯಾಕ್ ಓಡಿಸಬೇಡಿ, ಮೊದಲು ಪ್ರತಿ ತೆಗೆದಿಡಿ.

ಕಾನೂನು ಬದಲಾಗುತ್ತದೆಂದು ಎಣಿಸಿಯೇ ಕಟ್ಟಿ

2017ರ ಜೂನ್ 30ರ ರಾತ್ರಿ ನಾನು ಒಂದು ಕಾರ್ಖಾನೆಯ ಬಿಲ್ಲಿಂಗ್ ಕೋಣೆಯಲ್ಲಿದ್ದೆ. ಅಲ್ಲಿಯವರೆಗೆ ಒಂದು ಬಿಲ್ಲಿನಲ್ಲಿ 12.5% ಅಬಕಾರಿ ಸುಂಕ, ಅದರ ಮೇಲೆ ಕರ್ನಾಟಕದ ವ್ಯಾಟ್ 5.5% ಅಥವಾ 14.5%, ಹೊರರಾಜ್ಯಕ್ಕಾದರೆ 2% ಸಿಎಸ್‌ಟಿ (ಕೇಂದ್ರ ಮಾರಾಟ ತೆರಿಗೆ). ಬೆಳಗಾಗುವುದರೊಳಗೆ ಇವೆಲ್ಲ ಹೋಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಬರಬೇಕಿತ್ತು. ಆ ಕಾರ್ಖಾನೆಯ ತಂತ್ರಾಂಶದಲ್ಲಿ 12.5 ಎಂಬ ಅಂಕಿಯನ್ನು ನೇರವಾಗಿ ಪ್ರೋಗ್ರಾಮಿನೊಳಗೆ ಬರೆದಿದ್ದರು. ಬಿಲ್, ಡೆಬಿಟ್ ನೋಟ್, ಅಂದಾಜು ಪಟ್ಟಿ, ಮಾಲು ವಾಪಸು, ಹೀಗೆ ನಲವತ್ತಕ್ಕೂ ಹೆಚ್ಚು ಕಡೆ. ಹುಡುಕಿ ಹುಡುಕಿ ಬದಲಿಸಿದರು. ಮೊದಲ ಸರಿಯಾದ ಬಿಲ್ ಹೊರಬರಲು ಮೂರು ದಿನ ಹಿಡಿಯಿತು, ಅಷ್ಟೂ ಹೊತ್ತು ಲಾರಿಗಳು ಒಳಗೇ ನಿಂತಿದ್ದವು.

ದರ ಎಂದೂ ಪ್ರೋಗ್ರಾಮಿನೊಳಗೆ ಇರಬಾರದು. ಅದಕ್ಕೊಂದು ಕೋಷ್ಟಕ ಬೇಕು, ಆ ಕೋಷ್ಟಕದಲ್ಲಿ 'ಯಾವ ದಿನದಿಂದ', 'ಯಾವ ದಿನದವರೆಗೆ' ಎಂಬ ಎರಡು ಅಂಕಣ ಬೇಕು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಮತ್ತೆ ಬದಲಾದಾಗ ಹೀಗೆ ಕಟ್ಟಿದ್ದ ಕಡೆ ಕೆಲವು ಸಾಲು ಸೇರಿಸುವುದರಲ್ಲಿ ಕೆಲಸ ಮುಗಿಯಿತು. ಹಳೆಯ ದರವನ್ನು ಅಳಿಸದೆ ಉಳಿಸಿಕೊಳ್ಳಬೇಕು ಎನ್ನುವುದಕ್ಕೂ ಕಾರಣವಿದೆ: ಆಗಸ್ಟಿನಲ್ಲಿ ಮಾರಿದ ಮಾಲು ಅಕ್ಟೋಬರಿನಲ್ಲಿ ವಾಪಸು ಬಂದರೆ ಕ್ರೆಡಿಟ್ ನೋಟಿಗೆ ಆಗಸ್ಟಿನ ದರವೇ ಬೇಕು.

ಮಿತಿಗಳೂ ಹಾಗೆಯೇ. ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಕಡ್ಡಾಯವಾದಾಗ, 2020ರ ಅಕ್ಟೋಬರ್ 1ರಂದು, ಅದು 500 ಕೋಟಿ ರೂಪಾಯಿ ವಹಿವಾಟು ಮೀರಿದವರಿಗೆ ಮಾತ್ರ ಇತ್ತು. ಆ ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂದು, ನಮಗೇನೂ ಸಂಬಂಧವಿಲ್ಲ ಎಂದು ಕೂತವರನ್ನೂ ಮುಟ್ಟಿತು. ದೊಡ್ಡವರಿಗೆ ಇಂದು ಬಂದ ನಿಯಮ ನಾಳೆ ನಿಮ್ಮ ಬಾಗಿಲಿಗೆ ಬರುತ್ತದೆ ಎಂದು ಎಣಿಸಿ ಜಾಗ ಬಿಟ್ಟುಕೊಳ್ಳಿ.

ಪರೀಕ್ಷೆಗೆ ಕೆಟ್ಟ ಕಾಗದಗಳನ್ನು ಆರಿಸಿ

ತಂತ್ರಾಂಶ ಮಾರುವವರು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ನೂರು ನಗ ಆರ್ಡರ್ ಆಗುತ್ತದೆ, ನೂರೂ ಬರುತ್ತದೆ, ನೂರಕ್ಕೂ ದುಡ್ಡು ಹೋಗುತ್ತದೆ. ನೀವು ಕಳೆದ ಮಾರ್ಚ್ ತಿಂಗಳ ಕಡತ ತೆಗೆದು ಎಲ್ಲರಿಗೂ ತಲೆನೋವು ತಂದ ಮೂವತ್ತು ಕಾಗದಗಳನ್ನು ಆರಿಸಿ. ನೂರು ಕೇಳಿದರೆ ನೂರಮೂರು ಬಂದದ್ದು. ಅರ್ಧ ತಿರಸ್ಕರಿಸಿ, ಉಳಿದರ್ಧಕ್ಕೆ ಬೆಲೆ ಇಳಿಸಿ ಒಪ್ಪಿಕೊಂಡದ್ದು. ಮುಂಗಡ ಕೊಟ್ಟ ಮೇಲೆ ಆರ್ಡರ್ ರದ್ದಾದದ್ದು. ಗಿರಾಕಿ ದರವನ್ನು ಆರು ತಿಂಗಳ ಹಿಂದಿನ ದಿನಾಂಕದಿಂದ ಪರಿಷ್ಕರಿಸಿದ್ದು. ಇವನ್ನು ಬಳಸುವವರೇ ತಮ್ಮ ಕೈಯಿಂದ ಹೊಸ ವ್ಯವಸ್ಥೆಗೆ ಹಾಕಲಿ. ಸಲಹೆಗಾರರು ಕೀಬೋರ್ಡ್ ಮುಟ್ಟಬಾರದು. ಮೂವತ್ತೂ ಹೊರಬರುವವರೆಗೆ ದಿನಾಂಕ ಘೋಷಿಸಬೇಡಿ.

ಒಂದೇ ದಿನವೋ, ತುಂಡು ತುಂಡೋ

ತಾಳೆಮರವನ್ನು ಅಪ್ಪಿಕೊಂಡ ಆಲದ ಮರವನ್ನು ನೀವು ನೋಡಿರುತ್ತೀರಿ. ಹಕ್ಕಿ ಬೀಳಿಸಿದ ಬೀಜ ಮೇಲೆ ಚಿಗುರಿ, ಬೇರು ಇಳಿಬಿಟ್ಟು, ವರ್ಷಗಳ ಮೇಲೆ ಒಳಗಿನ ಮರ ಇದ್ದರೂ ಇಲ್ಲದಂತಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಇಂಥದೇ ಅತ್ತಿಯ ಜಾತಿಯ ಮರಗಳನ್ನು ಕಂಡ ತಂತ್ರಾಂಶ ತಜ್ಞ ಮಾರ್ಟಿನ್ ಫೌಲರ್ 2004ರಲ್ಲಿ ಹಳೆಯ ತಂತ್ರಾಂಶವನ್ನು ಬದಲಿಸಲು ಅದೇ ದಾರಿ ಸೂಚಿಸಿದರು. ಹಳೆಯದನ್ನು ಕಡಿಯದೆ, ಅದರ ಸುತ್ತ ಹೊಸದನ್ನು ಒಂದೊಂದೇ ಭಾಗವಾಗಿ ಬೆಳೆಸುವುದು. ಅದು ಒಳ್ಳೆಯ ದಾರಿ. ಸಂಬಳ, ಮೆಂಟೆನೆನ್ಸ್, ಗೇಟಿನ ದಾಖಲೆ ಇವನ್ನು ಹಾಗೆ ಒಂದೊಂದಾಗಿ ತೆಗೆದುಕೊಂಡು ಹೋಗಬಹುದು.

ದಾಸ್ತಾನನ್ನೂ ಲೆಕ್ಕವನ್ನೂ ಮಾತ್ರ ಬೇರೆ ಬೇರೆ ದಿನ ಸಾಗಿಸಬಾರದು ಎಂಬುದು ನನ್ನ ಅನುಭವ. ಎರಡು ಕಡೆ ಎರಡು ಅಂಕಿ ಇಟ್ಟುಕೊಂಡು ಪ್ರತಿ ಸಂಜೆ ಹೊಂದಿಸುತ್ತ ಕುಳಿತರೆ ಇರುವ ಜನ ಅದರಲ್ಲೇ ಸವೆದುಹೋಗುತ್ತಾರೆ. ಅವೆರಡೂ ಒಟ್ಟಿಗೆ ಹೋಗಲಿ, ಆದರೆ ದಿನವನ್ನು ಎಚ್ಚರದಿಂದ ಆರಿಸಿ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್‌ಗೆ 48 ತಿಂಗಳು ಬೇಕು ಎಂದಿದ್ದ ಕೆಲಸವನ್ನು 30 ತಿಂಗಳಿಗೆ ಅಡಕಿ, 1999ರ ಜುಲೈನಲ್ಲಿ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರು. ಅದು ಅಲ್ಲಿನ ಹ್ಯಾಲೋವೀನ್ ಹಬ್ಬದ ಆರ್ಡರುಗಳು ಸುರಿಯುವ ಕಾಲ. ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ತಂತ್ರಾಂಶಕ್ಕೆ ಕಾಣಲಿಲ್ಲ. ಸುಮಾರು 10 ಕೋಟಿ ಡಾಲರಿನ ಆರ್ಡರುಗಳು ಅಂಗಡಿ ತಲುಪಲಿಲ್ಲ.

ನಮ್ಮಲ್ಲಿ ಏಪ್ರಿಲ್ 1 ಎಲ್ಲರಿಗೂ ಪ್ರಿಯ, ಲೆಕ್ಕದ ಹೊಸ ವರ್ಷ. ಆದರೆ ಮಾರ್ಚ್ ಪೂರ್ತಿ ರವಾನೆಯ ಒತ್ತಡದಲ್ಲಿ ಜನ ಬಸವಳಿದಿರುತ್ತಾರೆ, ಎಣಿಕೆ ಅವಸರದಲ್ಲಿ ಆಗುತ್ತದೆ. ನಾನು ಆಯುಧಪೂಜೆಯ ಆಸುಪಾಸು ಇಷ್ಟಪಡುತ್ತೇನೆ. ಯಂತ್ರಗಳು ಹೇಗೂ ನಿಂತಿರುತ್ತವೆ, ಪೂಜೆಗೆಂದು ಷೆಡ್ ಗುಡಿಸಿ ಮೂಲೆಮೂಲೆಯ ಮಾಲು ಹೊರಬಂದಿರುತ್ತದೆ, ಅರ್ಧವರ್ಷದ ಲೆಕ್ಕವೂ ಮುಗಿಯುವ ಸಮಯ. ಎಣಿಸುವಾಗ ಇಬ್ಬಿಬ್ಬರ ಜೋಡಿ ಮಾಡಿ: ಒಬ್ಬರು ಸ್ಟೋರ್ಸಿನವರು, ಇನ್ನೊಬ್ಬರು ಬೇರೆ ವಿಭಾಗದವರು. ಕಂಪ್ಯೂಟರಿನ ಅಂಕಿ ಅವರ ಕೈಯಲ್ಲಿರುವ ಹಾಳೆಯಲ್ಲಿ ಅಚ್ಚಾಗಿರಬಾರದು. ಇದ್ದರೆ ಎಣಿಕೆ ಆ ಅಂಕಿಗೇ ಬಂದು ನಿಲ್ಲುತ್ತದೆ. ಪಾರ್ಟಿ ಮಾಲಿಗೆ ಬೇರೆ ಬಣ್ಣದ ಚೀಟಿ ಅಂಟಿಸಿ.

ಲೆಕ್ಕ ತಪ್ಪಿದಾಗ

ಮೊದಲ ತಿಂಗಳು ಅಂಕಿಗಳು ಹೊಂದುವುದಿಲ್ಲ. ಆಗ ತಪ್ಪು ಯಾರದು ಎಂಬ ಮಾತು ಏಳುತ್ತದೆ. ಆ ಹೊತ್ತಿಗೆ ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಆದದ್ದನ್ನು ಎಲ್ಲರಿಗೂ ಹೇಳಿ. 1999ರಿಂದ ಅಲ್ಲಿ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂತು. ಅದು ಇಲ್ಲದ ಕೊರತೆಯನ್ನು ತೋರಿಸುತ್ತಿತ್ತು. ತಂತ್ರಾಂಶ ಸರಿಯಾಗಿಯೇ ಇದೆ ಎಂದು ನಂಬಿ 2015ರವರೆಗೆ 900ಕ್ಕೂ ಹೆಚ್ಚು ಅಂಚೆ ಅಂಗಡಿಯವರನ್ನು ಕಳ್ಳರೆಂದು ಶಿಕ್ಷಿಸಿದರು. ಕೆಲವರು ಜೈಲಿಗೆ ಹೋದರು, ಕೆಲವರು ಮನೆ ಮಾರಿ ಇಲ್ಲದ ಸಾಲ ತೀರಿಸಿದರು. ತಂತ್ರಾಂಶದಲ್ಲಿ ದೋಷಗಳಿದ್ದವು, ಹೊರಗಿನಿಂದಲೇ ಅಂಗಡಿಯ ಲೆಕ್ಕ ಬದಲಿಸಲು ಸಾಧ್ಯವಿತ್ತು ಎಂದು ಅಲ್ಲಿನ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಈ ಸುದ್ದಿಯನ್ನು ಓದಿದ ದಿನ ನನಗೆ ನಮ್ಮ ಸ್ಟೋರ್ಸಿನ ಹಿರಿಯರ ಮುಖ ಕಣ್ಣ ಮುಂದೆ ಬಂತು. ಆ ಮೂರನೆಯ ತಿಂಗಳು ದಾಸ್ತಾನು ಏರುವ ಬದಲು ಇಳಿದಿದ್ದರೆ ಮೊದಲು ಸಂಶಯಕ್ಕೆ ಗುರಿಯಾಗುತ್ತಿದ್ದವರು ಅವರೇ.

ಆದ್ದರಿಂದ ಶುರುವಾಗುವ ಮೊದಲೇ ಮಾಲೀಕರ ಸಹಿ ಇರುವ ಒಂದು ಸುತ್ತೋಲೆ ಹೊರಡಿಸಿ: ಮೊದಲ ಮೂರು ತಿಂಗಳ ವ್ಯತ್ಯಾಸಕ್ಕೆ ಯಾರ ಸಂಬಳದಿಂದಲೂ ಹಣ ಮುರಿಯುವುದಿಲ್ಲ, ಪ್ರತಿ ವ್ಯತ್ಯಾಸವನ್ನೂ ತಂತ್ರಾಂಶದ ಕಡೆಯಿಂದ ಮೊದಲು ಹುಡುಕುತ್ತೇವೆ. ಯಾರು, ಯಾವಾಗ, ಯಾವ ಅಂಕಿಯನ್ನು ಏನೆಂದು ಬದಲಿಸಿದರು ಎಂಬ ದಾಖಲೆ ಎಂದೂ ನಿಲ್ಲದಂತಿರಲಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶಕ್ಕೆ ನಮ್ಮ ಕಾನೂನೂ ಇದನ್ನೇ ಕೇಳುತ್ತದೆ. ಸಲಹೆಗಾರರ, ಸರ್ವರ್ ನೋಡಿಕೊಳ್ಳುವವರ ಹೆಸರಿನಲ್ಲಿ ಆಗುವ ಬದಲಾವಣೆಗಳೂ ಅದರಲ್ಲಿ ಬರುತ್ತವೆಯೇ ಎಂದು ನೀವೇ ಒಂದು ಅಂಕಿ ಬದಲಿಸಿ ಪರೀಕ್ಷಿಸಿ.

ಹಳೆಯ ಕಂಪ್ಯೂಟರ್

ಹೊಸದು ನಡೆಯತೊಡಗಿದೊಡನೆ ಹಳೆಯದನ್ನು ಗುಜರಿಗೆ ಕಳಿಸುವ ಆತುರ ಬೇಡ. ಕಂಪನಿ ಕಾನೂನಿನ ಪ್ರಕಾರ ಲೆಕ್ಕದ ಪುಸ್ತಕಗಳು ಎಂಟು ಹಣಕಾಸು ವರ್ಷ ಇರಬೇಕು. ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ಬರುವಂತೆ ಮಾಡಿ, ಎಲ್ಲ ಲೆಡ್ಜರುಗಳನ್ನೂ ಪಿಡಿಎಫ್ ಆಗಿ ತೆಗೆದು ಎರಡು ಕಡೆ ಇಡಿ. ಆರು ತಿಂಗಳಿಗೊಮ್ಮೆ ಆ ಕಂಪ್ಯೂಟರನ್ನು ಚಾಲೂ ಮಾಡಿ ಯಾವುದಾದರೂ ಒಂದು ಹಳೆಯ ಬಿಲ್ ತೆರೆದು ನೋಡಿ. ಪ್ರೋಗ್ರಾಮಿನ ಮೂಲ ಬರಹವನ್ನೂ ಜೊತೆಯಲ್ಲೇ ಉಳಿಸಿಕೊಳ್ಳಿ. ನೀವು ಕಂಡುಹಿಡಿದ ಚುಕ್ಕಿಗಳ ಪಟ್ಟಿಯನ್ನು, ಪ್ರತಿಯೊಂದರ ಅರ್ಥವನ್ನು, ಅದನ್ನು ಹೇಳಿದವರ ಹೆಸರನ್ನು ದಿನಾಂಕ ಸಮೇತ ಬರೆದು ಒಂದು ಪ್ರತಿಯನ್ನು ಸ್ಟೋರ್ಸಿನಲ್ಲಿ, ಬಿನ್ ಕಾರ್ಡುಗಳ ಪಕ್ಕದಲ್ಲಿ ಇಡಿ.